ಮೊದಲ ಕತ್ತರಿ

ಬನ್ನಿ, ಕೂತುಕೊಳ್ಳಿ.
ಆ ಕಂಬಳಿಯ ಮೇಲೆ ಬೇಡ, ಒಳಗೆ ಮರಿ ಮಲಗಿದೆ,
ನಿನ್ನೆಯ ಹಿಮಕ್ಕೆ ತಾಯಿ ಸತ್ತ ಅಲ್ಪಾಕ ಮರಿ.
ನಿಮ್ಮ ಕಿತ್ತಳೆ ಜಾಕೆಟ್ಟು ಹೊಸದು, ಮಡಿಕೆ ಇನ್ನೂ ಬಿಟ್ಟಿಲ್ಲ.
‘ಸಮುದಾಯ ಸಂಬಂಧ’ ಅಂತ ಬೆನ್ನ ಮೇಲೆ ಬರೆದಿದೆಯಂತೆ,
ಮಗಳು ಓದಿ ಹೇಳಿದಳು.
ಬೆನ್ನ ಮೇಲೆ ಯಾಕೋ?
ಸಂಬಂಧ ಹೋಗುವಾಗ ಮಾತ್ರ ಕಾಣಲಿ ಅಂತಲೋ?

ಈ ವಲ್ಲಾತಾನಿಗೆ ನೀವು ಮೂರನೆಯವರು.
ಮೊದಲಿನವನು ಕ್ರಿಸ್‌ಮಸ್ಸಿಗೆ ಮನೆಗೊಂದು ಪನೆತ್ತೋನ್ ತಂದ,
ಒಣದ್ರಾಕ್ಷಿಯ ಎತ್ತರದ ಬ್ರೆಡ್ಡು, ತಗಡಿನ ಡಬ್ಬಿಯಲ್ಲಿ.
ಈಗಲೂ ಅದರಲ್ಲಿ ಸೂಜಿ ದಾರ ಇಡುತ್ತೇನೆ,
ಒಳ್ಳೆಯ ಡಬ್ಬಿ, ಸುಳ್ಳು ಹೇಳಬಾರದು.
ಶಾಲೆಗೆ ನೀಲಿ ತಗಡು ಹೊದಿಸಿದ.
ಸಭೆ ಕರೆದ, ಕುರಿ ಕಡಿಸಿದ,
ಉಣ್ಣುವ ಮೊದಲು ಒಬ್ಬೊಬ್ಬರ ಹೆಬ್ಬೆಟ್ಟು ಒತ್ತಿಸಿಕೊಂಡ,
ತಟ್ಟೆಗಳ ಲೆಕ್ಕಕ್ಕೆ ಅಂದ.
ಆ ಹಾಳೆ ಲಿಮಾ ತಲುಪುವಷ್ಟರಲ್ಲಿ
ತಟ್ಟೆಗಳೆಲ್ಲ ಒಪ್ಪಿಗೆಗಳಾಗಿದ್ದವು.
ನೂರಹದಿನಾಲ್ಕು ಹೆಬ್ಬೆಟ್ಟು,
ಅದರಲ್ಲಿ ಎರಡು ಸಲ ಉಂಡ ನನ್ನ ಮೈದುನ ಫಾಕುಂದೋನದು ಎರಡು.
ನಂಟಸ್ತನ ಬೆಳೆಸಲು ಬಂದವರು
ಕೆರೆಗೆ ಬೇಲಿ ಕಟ್ಟಿ ಬೀಗ ಜಡಿದರು.

ಎರಡನೆಯವನು ಎದಿಲ್ಬೆರ್ತೊ.
ಗುಡ್ಡದಾಚೆಯ ಕಣಿವೆಯವನು,
ಕೆಚುವಾದಲ್ಲಿ ಬೈಯಲೂ ಬರುತ್ತಿತ್ತು.
ಸಬಿನಾಳ ಮೊದಲ ಕೂದಲಿಗೆ ನಾನೇ ಕತ್ತರಿ ಹಿಡಿಯುತ್ತೇನೆ ಅಂದ.
ಕಂಪನಿ ಹೇಳಿಕೊಟ್ಟಿತ್ತು, ಗೊತ್ತಿತ್ತು ನಮಗೆ.
ವರ್ಷಕ್ಕೆ ಇಷ್ಟು ಮಕ್ಕಳಿಗೆ ಧರ್ಮತಂದೆ ಆಗಬೇಕೆಂದು
ಯಾವುದೋ ಹಾಳೆಯಲ್ಲಿ ಖಾನೆ ಇತ್ತಂತೆ.
ಆದರೂ ಕೂದಲು ಬಿಡಿಸಿ, ಸಣ್ಣ ಸಣ್ಣ ಜಡೆ ಹೆಣೆದು ರಿಬ್ಬನ್ನು ಕಟ್ಟಿದೆ,
ತಟ್ಟೆಯಲ್ಲಿ ಕತ್ತರಿ ಇಟ್ಟೆ.
ಅವನ ಕೈ ನಡುಗಿತು. ಮಗು ಅಳಲಿಲ್ಲ, ಅವನ ಮೀಸೆ ಹಿಡಿದಳು.
ಕಂಪನಿಯ ಲಕೋಟೆ ಇಟ್ಟ. ಆಮೇಲೆ ಯಾರೂ ನೋಡದಾಗ
ತನ್ನ ಜೇಬಿನ ಇಪ್ಪತ್ತು ಸೋಲ್ ಬೇರೆಯಾಗಿ ಇಟ್ಟ.
ನಾನು ನೋಡಿದೆ.

ಅವತ್ತಿನಿಂದ ಅವನು ನನಗೆ ಕೊಂಪಾದ್ರೆ.
ನಿಮಗೆ ತರಬೇತಿಯಲ್ಲಿ ಹೇಳಿದ್ದಾರೋ ಇಲ್ಲವೋ,
ಕತ್ತರಿಗೆ ಅಲಗು ಎರಡು.
ಅವನ ತಾಯಿ ತೀರಿದಾಗ ಒಣ ಆಲೂಗೆಡ್ಡೆ ಹೊತ್ತು
ಎರಡು ದಿನ ನಡೆದು ಹೋಗಿ ಮಣ್ಣು ಹಾಕಿದೆವು.
ಕಂಪನಿ ಹೂವಿನ ಚಕ್ರ ಕಳಿಸಿತ್ತು, ಪ್ಲಾಸ್ಟಿಕ್ಕಿನದು.

ಒಂದು ರಾತ್ರಿ ಜಾಕೆಟ್ಟಿಲ್ಲದೆ ಬಂದ.
ಒಳಗೆ ಕಾಲಿಡಲಿಲ್ಲ. ಬಾಗಿಲಲ್ಲೇ ನಿಂತು,
“ಕೊಮಾದ್ರೆ, ಮಗುವಿಗೆ ಕೆಳಗಿನ ಊಟೆಯ ನೀರು ಕುಡಿಸಬೇಡ”
ಅಂದ. ಅಷ್ಟೆ.
ಯಾಕೆ ಅಂತ ನಾನು ಕೇಳಲಿಲ್ಲ,
ನಂಟರನ್ನು ಹಾಗೆಲ್ಲ ಕೇಳುವುದಿಲ್ಲ.
ಬೆಳಗಾಗುವಷ್ಟರಲ್ಲಿ ಮೂವತ್ತೆರಡು ಮನೆಗೂ ತಿಳಿದಿತ್ತು.
ತಿಂಗಳೊಳಗೆ ಅವನ ಹೆಸರು ಗೇಟಿನ ಪಟ್ಟಿಯಿಂದ ಹೋಯಿತು.
ಈಗ ಹುಲಿಯಾಕದಲ್ಲಿ ಮೂರುಗಾಲಿ ಟ್ಯಾಕ್ಸಿ ಓಡಿಸುತ್ತಾನೆ,
ಸಬಿನಾಳ ಹುಟ್ಟುಹಬ್ಬಕ್ಕೆ ಫೋನು ಮಾಡುತ್ತಾನೆ,
ಸಿಗ್ನಲ್ಲು ಸಿಕ್ಕರೆ.

ಈಗ ನೀವು.
ಕಂಪನಿ ಕೈ ಬದಲಾಗಿದೆ, ಹಳೆಯ ಮಾತು ಹಳೆಯವರದು ಅನ್ನುತ್ತೀರಿ.
ಇರಲಿ.
ಚಿಕ್ಕವನಿಗೆ ನಾಲ್ಕಾಯಿತು, ಕೂದಲಿಗೆ ಇನ್ನೂ ಲೋಹ ಮುಟ್ಟಿಲ್ಲ,
ಅದನ್ನೂ ತಿಳಿದುಕೊಂಡೇ ಬಂದಿದ್ದೀರಿ.
ನಾನು ಬೇಡ ಅನ್ನುವುದಿಲ್ಲ.
ಮೊದಲು ನಿಮ್ಮ ಅಮ್ಮನ ಹೆಸರು ಹೇಳಿ.
ಅವರ ಊರಿಗೆ ಎಷ್ಟು ದಿನದ ನಡಿಗೆ,
ದಾರಿಯಲ್ಲಿ ಹೊಳೆ ಎಷ್ಟು,
ಅಲ್ಲಿಯ ಮಣ್ಣು ಗಟ್ಟಿಯೋ ಮೆದುವೋ?

ಯೋಚಿಸಿ, ಅವಸರವಿಲ್ಲ.
ಸೂಪು ಆರುತ್ತಿದೆ, ಕುಡಿಯಿರಿ.
ಹೆದರಬೇಡಿ,
ಮೇಲಿನ ಊಟೆಯ ನೀರು.